ಪದವಿ ಬಯಸದ ಗುರು: ಕೆನರಾದ ಪ್ರೇಷಿತ ಸಂತ ಜೋಸೆಫ್ ವಾಜ್



ಪ್ರತಿ ವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತೇವೆ. ಗೋವೆಯಲ್ಲಿ ಹುಟ್ಟಿ, ನಮ್ಮ ಕೆನರಾ ಕರಾವಳಿಯಲ್ಲಿ ದುಡಿದು, ಶ್ರೀಲಂಕೆಯಲ್ಲಿ ಪ್ರಾಣಬಿಟ್ಟ ಈ ಗುರುವಿನ ಹೆಸರನ್ನು ಬಲಿಪೂಜೆಯಲ್ಲಿ ಕೇಳುತ್ತೇವೆ, ನೊವೆನಾ ಹೇಳುತ್ತೇವೆ, ಮುಡಿಪುವಿಗೆ ಯಾತ್ರೆಯನ್ನೂ ಮಾಡುತ್ತೇವೆ. ಆದರೆ ಅವರ ಬದುಕಿನ ಒಂದು ಮುಖವನ್ನು ನಾವು ಹೆಚ್ಚು ನೆನೆಯುವುದಿಲ್ಲ. ಅಧಿಕಾರ, ಹಣ, ಗೌರವ ಎಂಬ ಮೂರು ಶೋಧನೆಗಳು ಧರ್ಮಸಭೆಯ ನಾಯಕರಿಗೆ ಹೇಗೆ ಬರುತ್ತವೆ, ಅವುಗಳನ್ನು ಗೆಲ್ಲುವುದು ಹೇಗೆ ಎಂಬುದಕ್ಕೆ ಅವರ ಜೀವನವೇ ಪಾಠ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ನಮ್ಮ ಬಂಧುಗಳು ಕೆಲವೊಮ್ಮೆ ನಮ್ಮಲ್ಲಿ ಕೇಳುವುದುಂಟು: ದೂರದ ಮಜಿರೆಗಳಿಂದ, ತೋಟದ ಕೂಲಿಯಿಂದ ಉಳಿಸಿ ಕೊಟ್ಟ ಕಾಣಿಕೆಯ ಲೆಕ್ಕ ಯಾರು ನೋಡುತ್ತಾರೆ ಎಂದು. ಪ್ರಶ್ನೆ ಕೇಳಿದವರನ್ನು ವಿಶ್ವಾಸ ಕಡಿಮೆಯಾದವರೆಂದು ತಿಳಿಯಬಾರದು. ಇಗರ್ಜಿ ತಮ್ಮದು ಎಂಬ ಪ್ರೀತಿಯಿಂದಲೇ ಅವರು ಕೇಳುತ್ತಾರೆ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಂತರ ಜೀವನವನ್ನು ನೋಡೋಣ.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಭಾಗದ ಬೆಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ತಂದೆಯ ಊರು ಸಾಂಕವಾಳ. ಮನೆತನ ಸಮಾಜದಲ್ಲಿ ಗೌರವವುಳ್ಳದ್ದು. ಓದಿನಲ್ಲಿ ಮುಂದಿದ್ದ ಹುಡುಗ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತು, ಗೋವಾ ನಗರದಲ್ಲಿ ಉನ್ನತ ವ್ಯಾಸಂಗ ಮಾಡಿ, 1676ರಲ್ಲಿ ಗುರುವಾದರು.

ಆ ಕಾಲದ ಗೋವೆಯಲ್ಲಿ ಗುರುಪಟ್ಟ ಗೌರವದ ಸ್ಥಾನ. ಪೋರ್ಚುಗಲ್ ರಾಜನ ಆಶ್ರಯ, ದೊಡ್ಡ ಇಗರ್ಜಿಗಳು, ದೊಡ್ಡ ಮಠಗಳು, ಅವುಗಳ ಹೆಸರಿನಲ್ಲಿ ಆಸ್ತಿಪಾಸ್ತಿ. ಅಷ್ಟೇ ಅಲ್ಲ, ಮನುಷ್ಯರನ್ನು ಕೊಂಡು ಮಾರುತ್ತಿದ್ದ ಆ ನಗರದಲ್ಲಿ ಧಾರ್ಮಿಕ ಸಂಸ್ಥೆಗಳಲ್ಲೂ ಗುಲಾಮರಿದ್ದರು ಎಂಬುದು ನಾವು ಮುಚ್ಚಿಡಬಾರದ ಇತಿಹಾಸ. ಯಲ್ಲಾಪುರ, ಹಳಿಯಾಳ ಕಾಡುಗಳ ನಮ್ಮ ಸಿದ್ದಿ ಸಹೋದರ ಸಹೋದರಿಯರ ಪೂರ್ವಿಕರಲ್ಲಿ ಅನೇಕರು ಆಫ್ರಿಕೆಯಿಂದ ಹೀಗೆ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರು.

ಅಂಥ ನಗರದ ಹತ್ತಿರ, 1677ರ ಆಗಸ್ಟ್ 5ರಂದು, ಯುವಗುರು ಜೋಸೆಫ್ ವಾಜ್ ಸಾಂಕವಾಳದ ಇಗರ್ಜಿಯಲ್ಲಿ ಒಂದು ಪತ್ರ ಬರೆದು ಸಹಿ ಹಾಕಿದರು. ಅದರಲ್ಲಿ ತಮ್ಮನ್ನು ಮೇರಿ ಮಾತೆಯ ಗುಲಾಮನೆಂದು ಒಪ್ಪಿಸಿಕೊಂಡರು. ಗುಲಾಮನ ಸ್ಥಿತಿ ಎಂಥದ್ದೆಂದು ಕಣ್ಣಾರೆ ಕಾಣುತ್ತಿದ್ದ ಮೇಲ್ವರ್ಗದ ಒಬ್ಬ ಗುರು ಆ ಹೆಸರನ್ನು ತಾನೇ ತೆಗೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಮುಂದಿನ ಅವರ ಬದುಕೆಲ್ಲ ಆ ಪತ್ರದ ಪ್ರಕಾರವೇ ನಡೆಯಿತು.

ಇಬ್ಬರು ಅಧಿಕಾರಿಗಳ ನಡುವೆ ಕೆನರಾ

ವಾಜ್ ಅವರ ಮನಸ್ಸು ಶ್ರೀಲಂಕೆಯ ಕಡೆಗಿತ್ತು. ಅಲ್ಲಿ ಡಚ್ಚರು ಪೋರ್ಚುಗೀಸರನ್ನು ಓಡಿಸಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಆದರೆ 1681ರಲ್ಲಿ ಗೋವೆಯ ಧರ್ಮಾಡಳಿತ ಅವರನ್ನು ಕೆನರಾಕ್ಕೆ ವಿಕಾರ್ ಫೊರೇನ್ ಆಗಿ ಕಳುಹಿಸಿತು.

ಆಗಿನ ನಮ್ಮ ಜಿಲ್ಲೆಯ ಚಿತ್ರ ಹೀಗಿತ್ತು. ಘಟ್ಟದ ಮೇಲೆ ಶಿರಸಿ ಬಳಿಯ ಸೋದೆಯಲ್ಲಿ ಸೋದೆ ನಾಯಕರು, ಸಿದ್ದಾಪುರದ ಬಿಳಗಿಯಲ್ಲಿ ಬಿಳಗಿ ಅರಸರು, ಅದರಾಚೆ ಕೆಳದಿ ಸಂಸ್ಥಾನ. ಘಟ್ಟದ ಕಾಳುಮೆಣಸು ಎತ್ತುಗಳ ಮೇಲೆ ಇಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ಆ ಮೆಣಸಿಗಾಗಿಯೇ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನ ಸೈನ್ಯದ ಎದುರು ಆ ಕೋಟೆಗಳು ಬಿದ್ದವು. ಕೋಟೆಯ ನೆರಳಿನಲ್ಲಿದ್ದ ಇಗರ್ಜಿಗಳೂ ಗುರುಗಳಿಲ್ಲದೆ ಬರಿದಾದವು. 1678ರಲ್ಲಿ ಕೆಳದಿ ಮತ್ತು ಪೋರ್ಚುಗೀಸರ ನಡುವೆ ಒಪ್ಪಂದವಾಗಿ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ ಅದು.

ಬಾಗಿಲು ತೆರೆಯಿತು, ಆದರೆ ಮನೆಯೊಳಗೇ ಜಗಳ. ಪೋರ್ಚುಗಲ್ ರಾಜನ ಪಾದ್ರುವಾದೊ ಹಕ್ಕಿನ ಪ್ರಕಾರ ಕೆನರಾ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಸೇರಿದ್ದು. ಆದರೆ ರೋಮಿನಿಂದ ಜಗದ್ಗುರುಗಳು ಗೋವೆಯವರೇ ಆದ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಅವರನ್ನು 1675ರಲ್ಲಿ ಇಲ್ಲಿಗೆ ಪ್ರೇಷಿತ ಪ್ರತಿನಿಧಿಯಾಗಿ ನೇಮಿಸಿದ್ದರು. ಅವರು 1677ರಲ್ಲಿ ಮಂಗಳೂರಿಗೆ ಬಂದರು. ಗೋವೆ ಅವರನ್ನು ಒಪ್ಪಲಿಲ್ಲ. ಭಕ್ತರು ಎರಡು ಪಂಗಡವಾದರು. ಈ ಕಡೆಯ ಗುರುವಿನಿಂದ ಸಂಸ್ಕಾರ ಪಡೆದರೆ ಆ ಕಡೆಯವರಿಂದ ಬಹಿಷ್ಕಾರ, ಆ ಕಡೆ ಹೋದರೆ ಈ ಕಡೆಯವರಿಂದ ಬಹಿಷ್ಕಾರ. ಮಗುವಿಗೆ ಜ್ಞಾನಸ್ನಾನ ಮಾಡಿಸಲು, ಸಾಯುವವರಿಗೆ ಅಭ್ಯಂಗ ಕೊಡಿಸಲು ಬಡಜನ ಹೆದರುವ ಪರಿಸ್ಥಿತಿ. ಇಲ್ಲಿ ಯಾರೂ ಹಣ ಕದ್ದಿರಲಿಲ್ಲ. ಆದರೂ ನಾಯಕರ ಹಕ್ಕಿನ ಹಟದಿಂದ ಮಂದೆ ಹಸಿದಿತ್ತು. ಭ್ರಷ್ಟತೆಗೆ ಇದೂ ಒಂದು ರೂಪವೆಂದೇ ನಾವು ತಿಳಿಯುತ್ತೇವೆ.

ಕಳುಹಿಸಿದವರ ಪಕ್ಷವೋ, ಸತ್ಯದ ಪಕ್ಷವೋ

ಗೋವೆಯಿಂದ ನೇಮಕಗೊಂಡು ಬಂದ ವಾಜ್ ಗೋವೆಯ ಪಕ್ಷವನ್ನೇ ಗಟ್ಟಿಯಾಗಿ ಹಿಡಿದಿದ್ದರೆ ಮುಂದೆ ಒಳ್ಳೆಯ ಹುದ್ದೆ, ಮಾನ್ಯತೆ ಸಿಗುತ್ತಿತ್ತು. ಅವರಿಗೆ ವಯಸ್ಸು ಆಗ ಕೇವಲ 30. ಆದರೆ ಅವರು ಮಾಡಿದ್ದೇ ಬೇರೆ. ನೇರವಾಗಿ ಧರ್ಮಾಧ್ಯಕ್ಷ ಕಾಸ್ತ್ರೊ ಅವರ ಬಳಿಗೆ ಹೋಗಿ, ಜಗದ್ಗುರುಗಳ ನೇಮಕಪತ್ರವನ್ನು ನೋಡಿದರು. ಪತ್ರ ಸರಿಯಾಗಿದೆಯೆಂದು ಮನವರಿಕೆಯಾದಾಗ ಅದನ್ನು ಒಪ್ಪಿಕೊಂಡರು. ತಮ್ಮನ್ನು ಕಳುಹಿಸಿದ ಪಕ್ಷಕ್ಕೆ ಇಷ್ಟವಾಗದ ಸತ್ಯ ಅದು.

ಹಾಗೆಂದು ಒಂದು ಪಕ್ಷ ಬಿಟ್ಟು ಇನ್ನೊಂದು ಪಕ್ಷದ ಧ್ವಜ ಹಿಡಿಯಲೂ ಇಲ್ಲ. ಧರ್ಮಾಧ್ಯಕ್ಷರು ತಮ್ಮ ಪದವಿಯಲ್ಲೇ ಇದ್ದು ತಮ್ಮ ಅಧಿಕಾರವನ್ನು ವಾಜ್ ಅವರಿಗೆ ವಹಿಸಿಕೊಡಬೇಕೆಂದು ಸಂಧಾನ ಮಾಡಿದರು. ಇದರಿಂದ ಅವರು ಕೊಡುವ ಸಂಸ್ಕಾರಗಳ ಬಗ್ಗೆ ಯಾರಿಗೂ ಸಂಶಯಕ್ಕೆ ಎಡೆಯಿರಲಿಲ್ಲ. 1684ರವರೆಗೆ ಈ ಏರ್ಪಾಡಿನಲ್ಲಿ ಕೆನರಾದ ಭಕ್ತರಿಗೆ ನೆಮ್ಮದಿ ಸಿಕ್ಕಿತು. ಎರಡೂ ಕಡೆಯ ಅಧಿಕಾರ ಒಬ್ಬರ ಕೈಗೆ ಬಂದಿತ್ತು. ಆದರೆ ಆ ಅಧಿಕಾರವನ್ನು ಅವರು ಬಳಸಿದ್ದು ನಡೆಯುವುದಕ್ಕೆ, ಮಂತ್ರಿಸುವುದಕ್ಕೆ, ಸಂತೈಸುವುದಕ್ಕೆ ಮಾತ್ರ. ಮಂಗಳೂರು, ಬಸರೂರು, ಬಾರಕೂರು, ಕಲ್ಯಾಣಪುರ, ಗಂಗೊಳ್ಳಿಗಳಿಗೆ ಬರಿಗಾಲಲ್ಲಿ ಹೋಗಿ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತಿಸಂಘಗಳನ್ನು ಕಟ್ಟಿದರು. ಮಂಗಳೂರಿನ ಬಳಿಯ ಮುಡಿಪುವಿನ ಗುಡ್ಡದಲ್ಲಿ ಅವರ ನೆನಪು ಇಂದಿಗೂ ಹಸಿರಾಗಿದೆ.

ಕಟ್ಟಿದ ಸಂಸ್ಥೆಯನ್ನೂ ಬಿಟ್ಟರು

ಗೋವೆಗೆ ಮರಳಿದ ಮೇಲೆ 1685ರಲ್ಲಿ ಹಳೆ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟು ಸೇರಿದ್ದ ಕೆಲವು ಸ್ಥಳೀಯ ಗುರುಗಳ ಗುಂಪಿಗೆ ಸೇರಿದರು. ಆ ಕಾಲದ ಯುರೋಪಿನ ಧಾರ್ಮಿಕ ಸಭೆಗಳು ಭಾರತೀಯರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದವು. ಸಂತ ಫಿಲಿಪ್ ನೇರಿಯ ಒರೆಟರಿಯ ಮಾದರಿಯಲ್ಲಿ ಭಾರತೀಯ ಗುರುಗಳದೇ ಸಂಘವನ್ನು ವಾಜ್ ರೂಪಿಸಿದರು, ಅದರ ಮೇಲಧಿಕಾರಿಯೂ ಆದರು. ಬೇರೆಯವರಾಗಿದ್ದರೆ ಸ್ಥಾಪಕನೆಂಬ ಗೌರವದಲ್ಲಿ ಅಲ್ಲಿಯೇ ಬಾಳಬಹುದಿತ್ತು. ಅವರು ಮಾತ್ರ 1686ರಲ್ಲಿ ಆ ಪೀಠವನ್ನು ಬಿಟ್ಟು, ಜೊತೆಗೆ ಜುವಾಂವ್ ಎಂಬ ಸೇವಕ ಯುವಕನನ್ನು ಕರೆದುಕೊಂಡು, ದಕ್ಷಿಣಕ್ಕೆ ಹೊರಟರು. ಲೋಭ ಬಿಟ್ಟವರನ್ನು ನಾವು ಕಂಡಿದ್ದೇವೆ. ತಾವೇ ಕಟ್ಟಿದ ಸಂಸ್ಥೆಯ ಮೇಲಿನ ಮೋಹ ಬಿಟ್ಟವರು ಅಪರೂಪ.

ಭಿಕ್ಷುಕನಾಗಿ ಶ್ರೀಲಂಕೆಗೆ

1687ರಲ್ಲಿ ಕೂಲಿಯವನ ವೇಷದಲ್ಲಿ ಅವರು ಶ್ರೀಲಂಕೆ ತಲುಪಿದಾಗ ತೀವ್ರ ಕಾಯಿಲೆಯಿಂದ ನೆಲ ಹಿಡಿದಿದ್ದರು. ಡಚ್ಚರ ಕಣ್ಣು ತಪ್ಪಿಸಿ ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗಿ ಕಥೋಲಿಕರನ್ನು ಗುರುತಿಸಿದರು. ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ. ತಮಿಳು ಕಲಿತರು, ಸಿಂಹಳ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂಬ ಸುಳ್ಳು ದೂರಿನ ಮೇಲೆ ಸೆರೆಯಾದರು. ಸೆರೆಯಲ್ಲಿಯೇ ಗುಡಿಸಲಿನ ಪೂಜಾಮಂದಿರ ಮಾಡಿಕೊಂಡರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಕ್ರಮೇಣ ಅವರ ಸಾಧುತನವನ್ನು ಅರಿತು ಸ್ವಾತಂತ್ರ್ಯ ಕೊಟ್ಟನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಜನ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜ್ ಮತ್ತು ಅವರ ಜೊತೆಗಾರರು ಮಾತ್ರ ಉಳಿದು ಯಾವ ಧರ್ಮದವರೆಂದು ನೋಡದೆ ರೋಗಿಗಳನ್ನು ಉಪಚರಿಸಿದರು, ಸತ್ತವರನ್ನು ಹೂಳಿದರು. ಅರಸನ ಮೆಚ್ಚುಗೆ ಪೂರ್ಣವಾಗಿ ದೊರೆತ ಮೇಲೂ ಅವರ ವಾಸ, ಉಡುಪು, ಊಟ ಬದಲಾಗಲಿಲ್ಲ.

ಕೊನೆಯ ದೊಡ್ಡ ಶೋಧನೆ ಇನ್ನೂ ಬರಬೇಕಿತ್ತು. 1700ರ ದಶಕದ ಆರಂಭದಲ್ಲಿ ಜಗದ್ಗುರುಗಳ ರಾಯಭಾರಿ ತುರ್ನೋನ್ ಭಾರತಕ್ಕೆ ಬಂದಾಗ ವಾಜ್ ಅವರ ಸೇವೆಯನ್ನು ಕೇಳಿ ತಿಳಿದರು. ಶ್ರೀಲಂಕೆಯನ್ನು ಪ್ರತ್ಯೇಕ ಕ್ಷೇತ್ರ ಮಾಡಿ ಅವರನ್ನೇ ಧರ್ಮಾಧ್ಯಕ್ಷರನ್ನಾಗಿ ಮಾಡುವ ಪ್ರಸ್ತಾಪ ಬಂತು. ಅದು ಲಂಚವಲ್ಲ, ಅನ್ಯಾಯದ್ದೂ ಅಲ್ಲ, ಅರ್ಹತೆಗೆ ಸಂದ ಗೌರವ. ಆದರೂ ಅವರು ಬೇಡವೆಂದರು, ಸಾಮಾನ್ಯ ಧರ್ಮಪ್ರಚಾರಕನಾಗಿಯೇ ಉಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಸಂತ ಎರಡನೆಯ ಜಾನ್ ಪೌಲ್ 1995ರ ಜನವರಿ 21ರಂದು ಕೊಲೊಂಬೊದಲ್ಲಿ ಅವರಿಗೆ ಪುನೀತ ಪದವಿಯನ್ನು, ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತ ಪದವಿಯನ್ನು ನೀಡಿದರು.

ನಮಗೆ ಏನು ಪಾಠ?

ಯೇಸುಸ್ವಾಮಿಗೆ ಮರುಭೂಮಿಯಲ್ಲಿ ಬಂದ ಮೂರು ಶೋಧನೆಗಳೂ ರೊಟ್ಟಿ, ಕೀರ್ತಿ, ಅಧಿಕಾರಗಳವೇ. ಹನ್ನೆರಡು ಮಂದಿ ಶಿಷ್ಯರಲ್ಲಿ ಹಣದ ಚೀಲ ಹಿಡಿದವನೇ ಗುರುವನ್ನು ಮಾರಿದ. ಪ್ರೇಷಿತರ ಕಾಲದಲ್ಲಿಯೇ ಸಿಮೋನನೆಂಬವನು ಪವಿತ್ರಾತ್ಮರ ವರವನ್ನು ದುಡ್ಡು ಕೊಟ್ಟು ಕೊಳ್ಳಲು ಬಂದಿದ್ದ. ಆದ್ದರಿಂದ ಧರ್ಮಸಭೆಯಲ್ಲಿ ಇಂಥದ್ದು ನಡೆಯಲಾರದು ಎಂದು ನಾವು ಹೇಳಿಕೊಳ್ಳುವಂತಿಲ್ಲ. ನಡೆಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

ಧರ್ಮಸಭೆಯ ಕಾನೂನು ಇದಕ್ಕೆ ದಾರಿ ತೋರಿಸಿದೆ. 1983ರ ಧರ್ಮಸಭಾ ಸಂಹಿತೆಯ 537ನೇ ಕಲಮಿನಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು, 492ನೇ ಕಲಮಿನಂತೆ ಧರ್ಮಕ್ಷೇತ್ರದಲ್ಲೂ ಇರಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೇ ಕಲಮು ಹೇಳುತ್ತದೆ. ಜಗದ್ಗುರು ಫ್ರಾನ್ಸಿಸ್ 2021ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ನೌಕರರು 40 ಯೂರೊಗಿಂತ ಹೆಚ್ಚು ಬೆಲೆಯ ಉಡುಗೊರೆ ಪಡೆಯಬಾರದೆಂದು ಆಜ್ಞೆ ಹೊರಡಿಸಿದರು. ಹೀಗಿರುವಾಗ ಶಿರಸಿಯ ವಿಶ್ವಾಸಿಯಾಗಲಿ, ಸಿದ್ದಾಪುರದ ತೋಟದ ಕೂಲಿಯಾಗಲಿ, ಯಲ್ಲಾಪುರದ ಸಿದ್ದಿ ತಾಯಿಯಾಗಲಿ ಲೆಕ್ಕ ಕೇಳಿದರೆ ಅದು ಗುರುಗಳಿಗೆ ತೋರಿದ ಅಗೌರವವಲ್ಲ.

ಹಾಗೆಯೇ ನಾವು, ಸಾಮಾನ್ಯ ವಿಶ್ವಾಸಿಗಳು, ನಮ್ಮನ್ನೂ ನೋಡಿಕೊಳ್ಳಬೇಕು. ಶಾಲೆಯ ಸೀಟಿಗೆ, ಕೆಲಸಕ್ಕೆ, ಹಬ್ಬದ ಯಜಮಾನಿಕೆಗೆ ಗುರುಗಳ ಮೇಲೆ ಒತ್ತಡ ತರುವವರು ನಾವೇ. ನಮ್ಮ ಜಾತಿಯವರು, ನಮ್ಮ ಊರಿನವರು ಎಂದು ಗುಂಪು ಕಟ್ಟುವವರೂ ನಾವೇ. ದುಂದುವೆಚ್ಚದ ಉಡುಗೊರೆ ಕೊಟ್ಟು ನಂತರ ಅದನ್ನೇ ಆಡಿಕೊಳ್ಳುವವರೂ ನಾವೇ. ಪ್ರಾಮಾಣಿಕ ಗುರುಗಳು ನಮ್ಮಲ್ಲಿ ಅನೇಕರಿದ್ದಾರೆ. ಮಳೆಗಾಲದಲ್ಲಿ ಘಟ್ಟದ ಹಾದಿಯಲ್ಲಿ ಹತ್ತು ಮನೆಗಳ ಮಜಿರೆಗೂ ಹೋಗಿ ಬಲಿಪೂಜೆ ಅರ್ಪಿಸುವ ಅವರಿಗೆ ನಮ್ಮ ಪ್ರಾರ್ಥನೆಯೂ ಬೆಂಬಲವೂ ಬೇಕು.

ಮುಂದಿನ ಜನವರಿ 16ರ ಹಬ್ಬಕ್ಕೆ ಹೂವು, ಮೇಣದಬತ್ತಿಗಳ ಜೊತೆಗೆ ಇನ್ನೊಂದನ್ನೂ ಸೇರಿಸೋಣ. ಆ ವಾರ ಧರ್ಮಕೇಂದ್ರದ ವರ್ಷದ ಜಮಾ ಖರ್ಚನ್ನು ಎಲ್ಲರ ಎದುರು ಓದಿಸೋಣ. ಸಂತ ಜೋಸೆಫ್ ವಾಜ್ ನಮ್ಮ ಗುರುಗಳಿಗಾಗಿ, ನಮಗಾಗಿ ಪ್ರಾರ್ಥಿಸಲಿ.