ಹಿಮದ ಹಾದಿಯಲ್ಲಿ ಒಂದು ತೆರೆದ ಬಾಗಿಲು



ದೊಡ್ಡ ತಲೆಯ, ದಟ್ಟ ಕೂದಲಿನ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಮಕ್ಕಳ ಪುಸ್ತಕದಲ್ಲೋ ನೋಡಿರುತ್ತೀರಿ. ಆ ನಾಯಿಗೆ ಯಾರ ಹೆಸರು ಬಂದಿದೆಯೋ ಆ ಸಂತರ ಪರಿಚಯ ಮಾತ್ರ ನಮ್ಮಲ್ಲಿ ಅನೇಕರಿಗೆ ಇಲ್ಲ.

ಸಂತ ಬರ್ನಾರ್ಡರು ಹನ್ನೊಂದನೆಯ ಶತಮಾನದವರು. ಇಂದಿನ ಇಟಲಿಯ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಅಯೋಸ್ತಾ ಪಟ್ಟಣದಲ್ಲಿ ಆರ್ಚ್‌ಡೀಕನ್ ಆಗಿದ್ದರು. ಎಂದರೆ ಧರ್ಮಾಧ್ಯಕ್ಷರಿಗೆ ಬಲಗೈಯಂತಿದ್ದವರು. ಪಟ್ಟಣದ ಮೇಲೆ 2,469 ಮೀಟರ್ ಎತ್ತರದಲ್ಲಿ ಒಂದು ಘಾಟಿ. ರೋಮ್ ನಗರಕ್ಕೆ ಹೊರಟ ಯಾತ್ರಿಕರು, ವ್ಯಾಪಾರಿಗಳು ಅದನ್ನು ಕಾಲ್ನಡಿಗೆಯಲ್ಲೇ ದಾಟಬೇಕಿತ್ತು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಕಾಲು ಜಾರುತ್ತಿತ್ತು. ಹೊಸ ಹಿಮ ಬಿದ್ದರೆ ದಾರಿಯೇ ಕಾಣದು. ಇಳಿಜಾರಿನಿಂದ ಹಿಮದ ರಾಶಿ ಕುಸಿದರೆ ಇಡೀ ಗುಂಪೇ ಹೂತುಹೋಗುವುದು. ದಣಿದು ಒಂದು ಗಳಿಗೆ ಕುಳಿತವನು ಆ ಚಳಿಗೆ ಮತ್ತೆ ಏಳುತ್ತಿರಲಿಲ್ಲ. ಇದರ ಮೇಲೆ ದರೋಡೆಕೋರರ ಭಯ ಬೇರೆ.

ಆ ಘಾಟಿಯಿಂದ ಬದುಕಿ ಇಳಿದವರು ತಲುಪುತ್ತಿದ್ದುದು ಅಯೋಸ್ತಾಕ್ಕೆ. ಅವರಿಗೆ ಊರಿನಲ್ಲೇ ಊಟ, ಹಾಸಿಗೆ ಕೊಟ್ಟಿದ್ದರೂ ಅದು ಪುಣ್ಯಕಾರ್ಯವೇ ಆಗುತ್ತಿತ್ತು. ಆದರೆ ಊರಿನವರೆಗೆ ಬರಲಾಗದವರ ಗತಿ ಏನು? ಬರ್ನಾರ್ಡರು ಸುಮಾರು 1050ರಲ್ಲಿ ಘಾಟಿಯ ನೆತ್ತಿಯ ಮೇಲೆಯೇ ಒಂದು ಛತ್ರ ಕಟ್ಟಿಸಿದರು. ಅಪಾಯ ಎಲ್ಲಿತ್ತೋ ಅಲ್ಲಿಯೇ ಪ್ರೀತಿಗೆ ಮನೆ ಕಟ್ಟಿದರು.

ಅವರು 1080ರ ದಶಕದಲ್ಲಿ ನೊವಾರಾ ನಗರದಲ್ಲಿ ದೈವಾಧೀನರಾದರು. ಕೆಲಸ ನಿಲ್ಲಲಿಲ್ಲ. ಸಂತ ಅಗಸ್ಟೀನರ ನಿಯಮ ಪಾಲಿಸುವ ಗುರುಗಳು ತಲೆಮಾರಿನಿಂದ ತಲೆಮಾರಿಗೆ ಅಲ್ಲಿ ನೆಲೆಸಿದರು. ಬಾಗಿಲು ತೆರೆದಿಟ್ಟು ಅವರು ಒಳಗೆ ಕಾಯುತ್ತ ಕೂರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹೊತ್ತು ದಾರಿ ತಪ್ಪಿದವರನ್ನು ಹುಡುಕಿಕೊಂಡು ಹಿಮದಲ್ಲಿ ಇಳಿದುಹೋಗುತ್ತಿದ್ದರು. ಹಾಗೆ ಹೋದವರಲ್ಲಿ ಕೆಲವರು ತಾವೇ ಹಿಮದಡಿ ಸಿಕ್ಕಿ ಸತ್ತದ್ದೂ ಉಂಟು. ಹದಿನೇಳನೆಯ ಶತಮಾನದ ಹೊತ್ತಿಗೆ ನಾಯಿಗಳೂ ಛತ್ರಕ್ಕೆ ಬಂದವು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ನಲವತ್ತು ಜನರ ಪ್ರಾಣ ಉಳಿಸಿತೆಂದು ಪ್ರತೀತಿ. ಸತ್ತು ಸಿಕ್ಕವರನ್ನು ಹೂಳಲು ಆ ಕಲ್ಲುನೆಲದಲ್ಲಿ ಗುಂಡಿ ತೋಡಲಾಗದು. ಬಂಧುಗಳು ಬಂದು ಗುರುತಿಸಲೆಂದು ಅವರಿಗೂ ಒಂದು ಕೋಣೆ ಇತ್ತು.

1681ರಲ್ಲಿ ಬರ್ನಾರ್ಡರಿಗೆ ಸಂತ ಪದವಿ ದೊರೆಯಿತು. ತರುಣರಾಗಿದ್ದಾಗ ಆಲ್ಪ್ಸ್ ಶಿಖರಗಳನ್ನು ಏರಿದ್ದ ಜಗದ್ಗುರು ಹನ್ನೊಂದನೆಯ ಪಿಯುಸ್ 1923ರಲ್ಲಿ ಅವರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. 1964ರಲ್ಲಿ ಬೆಟ್ಟದಡಿ ಸುರಂಗಮಾರ್ಗ ತೆರೆದ ಮೇಲೆ ವಾಹನಗಳಿಗೆ ಘಾಟಿ ಹತ್ತುವ ಅಗತ್ಯ ಉಳಿಯಲಿಲ್ಲ. ಆದರೂ ಚಳಿಗಾಲದಲ್ಲಿ ಹಿಮದ ಮೇಲೆ ನಡೆದು ಬರುವವರಿಗೆ ಆ ಛತ್ರ ಇಂದಿಗೂ ತೆರೆದಿದೆ.

ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡುವುದು ನಮಗೆ ಕಷ್ಟವಲ್ಲ. ಬಾರದವರನ್ನು ಹುಡುಕಿ ಹೋಗುವುದೇ ಕಷ್ಟ. ಆಸ್ತಿಯ ಜಗಳದಲ್ಲಿ ಮಾತುಬಿಟ್ಟ ಅಣ್ಣ, ಕುಡಿತಕ್ಕೆ ಬಿದ್ದು ಮುಖ ತಪ್ಪಿಸುವ ಮಗ, ಗಂಡ ತೀರಿಕೊಂಡ ಮೇಲೆ ಪೂಜೆಗೆ ಬರುವುದನ್ನೇ ಬಿಟ್ಟ ನೆರೆಮನೆಯಾಕೆ, ಇವರೆಲ್ಲ ತಮ್ಮ ತಮ್ಮ ಹಿಮದಲ್ಲಿ ಕುಳಿತುಬಿಟ್ಟವರು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿ ಹೊರಟ ಕುರುಬನ ಕಥೆ ನಮಗೆ ಬಾಯಿಪಾಠವಾಗಿದೆ. ಈ ವಾರ ಅವರಲ್ಲಿ ಒಬ್ಬರ ಬಳಿಗೆ ನೀವೇ ಹೋಗಿಬನ್ನಿ.