ಕಣ್ಣಿದ್ದೂ ಕಾಣದ ಜಾಗವನ್ನು ಕಂಡವನು

ಮಕ್ಕಳೇ, ನಿಮ್ಮ ಎರಡೂ ಕಣ್ಣುಗಳಲ್ಲಿ ಒಂದೊಂದು ಕುರುಡು ಜಾಗವಿದೆ. ಹೆದರಬೇಡಿ, ಕಣ್ಣಿನ ಡಾಕ್ಟರ ಬಳಿ ಓಡಬೇಕಾಗಿಲ್ಲ. ಆರೋಗ್ಯವಾಗಿರುವ ಎಲ್ಲರ ಕಣ್ಣಿನಲ್ಲೂ ಅದು ಇರುತ್ತದೆ. ಸಾವಿರಾರು ವರ್ಷಗಳಿಂದ ಜನ ಇದೇ ಕಣ್ಣುಗಳಿಂದ ಜಗತ್ತನ್ನು ನೋಡುತ್ತ ಬಂದರೂ ಆ ಜಾಗ ಇದೆಯೆಂದು ತೋರಿಸಿಕೊಟ್ಟದ್ದು ಹದಿನೇಳನೆಯ ಶತಮಾನದಲ್ಲಿ, ಫ್ರಾನ್ಸ್ ದೇಶದ ಎಡ್ಮ್ ಮಾರಿಯೊಟ್ ಎಂಬ ವಿಜ್ಞಾನಿ.

ಅವನ ಕಾಲದಲ್ಲಿ ಕಾರು ಇರಲಿಲ್ಲ, ಇದ್ದದ್ದು ಕುದುರೆಗಾಡಿ. ಆದರೂ ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಓಡಾಡುವ ಹೊಸ ಕಾರುಗಳನ್ನು ನೋಡಿದಾಗ ನನಗೆ ಮಾರಿಯೊಟ್ ನೆನಪಾಗುತ್ತಾನೆ. ಕಾರಿನ ಮುಂದಿನ ಗಾಜಿನ ಎಡಕ್ಕೂ ಬಲಕ್ಕೂ ಒಂದೊಂದು ಓರೆಯಾದ ಕಂಬ ಇರುವುದನ್ನು ನೀವು ಗಮನಿಸಿದ್ದೀರಾ? ಛಾವಣಿಯನ್ನು ಹೊತ್ತು ನಿಂತಿರುವುದು ಅದೇ. ಆ ಕಂಬ ಏಕೆ ದಪ್ಪವಾಯಿತು, ದಪ್ಪವಾದ ಮೇಲೆ ರಸ್ತೆ ದಾಟುವ ನಿಮ್ಮನ್ನು ಹೇಗೆ ಮರೆಮಾಡುತ್ತದೆ ಎಂಬುದು ಮಾರಿಯೊಟ್‌ನ ಜೀವನದ ಕೆಲಸವನ್ನು ತಿಳಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಮಾರಿಯೊಟ್ ಹುಟ್ಟಿದ್ದು 1620ರ ಸುಮಾರಿಗೆ. ಅವನು ವೃತ್ತಿಯಿಂದ ವಿಜ್ಞಾನಿಯಲ್ಲ, ಧರ್ಮಗುರು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಒಂದು ಕ್ರೈಸ್ತ ಮಠದ ಮುಖ್ಯಸ್ಥನಾಗಿದ್ದ. ಆದರೆ ಅವನ ಆಸಕ್ತಿಯೆಲ್ಲ ಪ್ರಯೋಗಗಳ ಕಡೆಗೆ. 1666ರಲ್ಲಿ ಪ್ಯಾರಿಸ್ ನಗರದಲ್ಲಿ ವಿಜ್ಞಾನ ಅಕಾಡೆಮಿ ಸ್ಥಾಪನೆಯಾಯಿತು. ಮಾರಿಯೊಟ್ ಅದರ ಆರಂಭದ ಸದಸ್ಯರಲ್ಲಿ ಒಬ್ಬನಾದ.

ಮನುಷ್ಯರ ಮತ್ತು ಪ್ರಾಣಿಗಳ ಶವಗಳ ಕಣ್ಣನ್ನು ಕೊಯ್ದು ಪರೀಕ್ಷಿಸುವಾಗ ಅವನಿಗೆ ಒಂದು ಸಂಗತಿ ಎದ್ದು ಕಂಡಿತು. ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ದೃಷ್ಟಿನರ ಪಾಪೆಯ ನೇರ ಹಿಂದೆ ಇಲ್ಲ. ಅದು ಸ್ವಲ್ಪ ಮೂಗಿನ ಕಡೆಗೆ ಸರಿದು ಕಣ್ಣುಗುಡ್ಡೆಯನ್ನು ಸೇರುತ್ತದೆ. ಹಾಗಾದರೆ ಒಂದು ವಸ್ತುವಿನ ಬಿಂಬ ಸರಿಯಾಗಿ ಆ ನರದ ಮೇಲೆಯೇ ಬಿದ್ದರೆ ಏನಾಗುತ್ತದೆ? ನರವೇ ಅಲ್ಲಿರುವುದರಿಂದ ನೋಟ ಇನ್ನೂ ಚುರುಕಾಗಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಮಾರಿಯೊಟ್ ಊಹಿಸುತ್ತ ಕೂರಲಿಲ್ಲ. ಗೋಡೆಯ ಮೇಲೆ ತನ್ನ ಕಣ್ಣಿನ ಮಟ್ಟಕ್ಕೆ ಬಿಳಿ ಕಾಗದದ ಒಂದು ಸಣ್ಣ ಚಕ್ರ ಅಂಟಿಸಿದ. ಅದರ ಬಲಕ್ಕೆ ಸುಮಾರು ಎರಡು ಅಡಿ ದೂರದಲ್ಲಿ, ತುಸು ಕೆಳಗೆ, ಇನ್ನೊಂದು ಚಕ್ರ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಮೊದಲ ಚಕ್ರದ ಮೇಲೆಯೇ ನೆಟ್ಟು ಹಿಂದೆ ಹಿಂದೆ ಹೆಜ್ಜೆ ಇಟ್ಟ. ಒಂಬತ್ತು ಹತ್ತು ಅಡಿ ಹಿಂದೆ ಸರಿದಾಗ ಎರಡನೆಯ ಚಕ್ರ ಪೂರ್ತಿ ಮಾಯವಾಯಿತು!

ನೀವೂ ಮಾಡಿ ನೋಡಿ. ಕಾಗದದ ಮೇಲೆ ಎಡಕ್ಕೆ ಒಂದು ಕೂಡಿಸುವ ಚಿಹ್ನೆ, ಅದರಿಂದ 8 ಸೆಂ.ಮೀ. ಬಲಕ್ಕೆ ಬಟಾಣಿ ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಕಾಗದವನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಕಾಣೆಯಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಪ್ರತ್ಯಕ್ಷ. ಚುಕ್ಕೆ ಇದ್ದ ಜಾಗದಲ್ಲಿ ನಿಮಗೆ ತೂತು ಕಾಣುವುದಿಲ್ಲ, ಬರೀ ಬಿಳಿ ಕಾಗದ ಕಾಣುತ್ತದೆ. ಸುತ್ತಲಿನದನ್ನು ನೋಡಿ ಮಿದುಳೇ ಆ ಖಾಲಿ ಜಾಗವನ್ನು ತುಂಬಿಬಿಡುತ್ತದೆ. ಇಷ್ಟು ಕಾಲ ಯಾರಿಗೂ ಅನುಮಾನ ಬಾರದಿದ್ದುದಕ್ಕೆ ಇದೇ ಕಾರಣ. ಕಾಣದಿರುವುದು ಬೇರೆ, ಕಾಣುತ್ತಿಲ್ಲ ಎಂಬುದು ಗೊತ್ತಾಗದಿರುವುದು ಬೇರೆ, ಅಲ್ಲವೇ?

ಮಾರಿಯೊಟ್ ಇದನ್ನು 1668ರಲ್ಲಿ ಪ್ರಕಟಿಸಿದ. ಯೂರೋಪಿನಲ್ಲೆಲ್ಲ ಇದು ದೊಡ್ಡ ಸುದ್ದಿಯಾಯಿತು. ಇಂಗ್ಲೆಂಡಿನ ರಾಜನ ಎದುರಿಗೂ ಈ ಪ್ರಯೋಗ ಮಾಡಿ ತೋರಿಸಿದರೆಂದು ಹೇಳುತ್ತಾರೆ. ಆದರೆ ಪ್ರಯೋಗದಿಂದ ಮಾರಿಯೊಟ್ ತೆಗೆದ ತೀರ್ಮಾನ ಮಾತ್ರ ತಪ್ಪಾಯಿತು. ನರ ಇರುವ ಕಡೆ ಕಾಣುವುದಿಲ್ಲವಾದ್ದರಿಂದ ನೋಡುವ ಕೆಲಸ ಅಕ್ಷಿಪಟಲದ್ದಲ್ಲ, ಅದರ ಹಿಂದಿರುವ, ರಕ್ತನಾಳಗಳಿಂದ ತುಂಬಿದ ಕಪ್ಪು ಪದರದ್ದು ಎಂದು ಅವನು ವಾದಿಸಿದ. ಪೆಕೆ ಮತ್ತು ಪೆರೊ ಎಂಬ ಇನ್ನಿಬ್ಬರು ವಿದ್ವಾಂಸರು ಒಪ್ಪಲಿಲ್ಲ. ವರ್ಷಗಟ್ಟಲೆ ಚರ್ಚೆ ನಡೆಯಿತು. ಬೆಳಕನ್ನು ಗ್ರಹಿಸುವ ಕೋಶಗಳು ಇರುವುದು ಅಕ್ಷಿಪಟಲದಲ್ಲೇ, ನರ ಹೊರಡುವ ಜಾಗದಲ್ಲಿ ಆ ಕೋಶಗಳಿಲ್ಲ ಎಂದು ಇಂದು ನಮಗೆ ಗೊತ್ತು. ತೀರ್ಮಾನ ಬಿದ್ದುಹೋಯಿತು, ಪ್ರಯೋಗ ಉಳಿಯಿತು. ಮಾರಿಯೊಟ್ ನನಗೆ ಹಿಡಿಸುವುದೂ ಇದಕ್ಕೇ: ಅವನು ಮಾಡಿದ್ದನ್ನು ಇಂದಿಗೂ ಯಾರು ಬೇಕಾದರೂ ಮಾಡಿ ನೋಡಬಹುದು.

1673ರಲ್ಲಿ ಅವನು ಡಿಕ್ಕಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ದಾರದಲ್ಲಿ ತೂಗುಬಿಟ್ಟ ಗುಂಡುಗಳನ್ನು ಒಂದಕ್ಕೊಂದು ಬಡಿಸಿ, ಯಾವುದು ಎಷ್ಟು ದೂರ ಚಿಮ್ಮಿತು ಎಂದು ಅಳೆದ. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ ಈ ಕೆಲಸವನ್ನು ಹೆಸರಿಸಿದ್ದಾನೆ. ಆಮೇಲೆ ಗಾಳಿ. ಉಷ್ಣತೆ ಬದಲಾಗದಿದ್ದರೆ, ಗಾಳಿಯ ಮೇಲಿನ ಒತ್ತಡ ಎರಡರಷ್ಟಾದಾಗ ಅದರ ಗಾತ್ರ ಅರ್ಧವಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದವರಿಗೆ ಇದರ ಅನುಭವವಿರುತ್ತದೆ. ಇದನ್ನು ನಾವು ಬಾಯ್ಲ್‌ನ ನಿಯಮ ಎನ್ನುತ್ತೇವೆ, ಫ್ರಾನ್ಸಿನ ಮಕ್ಕಳು ಮಾರಿಯೊಟ್‌ನ ನಿಯಮ ಎಂದು ಓದುತ್ತಾರೆ. ಬಾಯ್ಲ್ ಹೇಳಿದ್ದು 1662ರಲ್ಲಿ, ಮಾರಿಯೊಟ್ ಬರೆದದ್ದು ಅದಾದ ಹಲವು ವರ್ಷಗಳ ಮೇಲೆ. ಸೇನ್ ನದಿಯಲ್ಲಿ ಹರಿಯುವ ನೀರಿಗಿಂತ ಆ ಪ್ರದೇಶದಲ್ಲಿ ಬೀಳುವ ಮಳೆಯೇ ಹೆಚ್ಚು ಎಂದು ಲೆಕ್ಕ ಹಾಕಿ, ಊಟೆಗಳಿಗೂ ನದಿಗೂ ಮಳೆಯೇ ಮೂಲ ಎಂದೂ ತೋರಿಸಿದ. ಮಂಜುಗಡ್ಡೆಯಿಂದ ಮಸೂರ ಮಾಡಿ, ಅದರಿಂದ ಬಿಸಿಲನ್ನು ಕೂಡಿಸಿ ಸಿಡಿಮದ್ದು ಹೊತ್ತಿಸಿದವನೂ ಅವನೇ.

ನಮ್ಮ ಕಾರಿನ ಕಂಬಕ್ಕೆ ಹತ್ತಿರವಾದದ್ದು ತೊಲೆಗಳ ಮೇಲಿನ ಅವನ ಕೆಲಸ. ಒಂದು ತೊಲೆ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಮೊದಲು ಲೆಕ್ಕ ಹಾಕಲು ಹೊರಟವನು ಗೆಲಿಲಿಯೊ. ತೊಲೆ ಬಾಗುವುದೇ ಇಲ್ಲ, ಒಮ್ಮೆಲೇ ಮುರಿಯುತ್ತದೆ ಎಂದು ಅವನು ಭಾವಿಸಿದ್ದ. ಮಾರಿಯೊಟ್ ಮರದ ಮತ್ತು ಗಾಜಿನ ಕಡ್ಡಿಗಳಿಗೆ ಭಾರ ಕಟ್ಟಿ ಪರೀಕ್ಷಿಸಿದ. ಮುರಿಯುವ ಮುನ್ನ ಕಡ್ಡಿಯ ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಕುಗ್ಗುತ್ತದೆ ಎಂದು ಕಂಡುಕೊಂಡು ಗೆಲಿಲಿಯೊನ ಲೆಕ್ಕವನ್ನು ತಿದ್ದಿದ. ಬಾಗಿಸುವ ದಿಕ್ಕಿನಲ್ಲಿ ತೊಲೆಯ ದಪ್ಪ ಎರಡರಷ್ಟಾದರೆ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಈ ಕೆಲಸ ಪುಸ್ತಕವಾಗಿ ಬಂದದ್ದು 1686ರಲ್ಲಿ. ಅಷ್ಟರಲ್ಲಿ ಮಾರಿಯೊಟ್ ಇರಲಿಲ್ಲ. 1684ರ ಮೇ 12ರಂದು ಅವನು ಪ್ಯಾರಿಸಿನಲ್ಲಿ ತೀರಿಕೊಂಡಿದ್ದ.

ಈಗ ಕಾರಿನ ಕಂಬಕ್ಕೆ ಬರೋಣ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಈ ಕಂಬ ತೆಳ್ಳಗಿತ್ತು. ಕಾರು ಪಲ್ಟಿಯಾದರೆ ಅಥವಾ ಜೋರಾಗಿ ಡಿಕ್ಕಿ ಹೊಡೆದರೆ ತೆಳುವಾದ ಕಂಬ ಬಾಗಿ ಛಾವಣಿ ಕುಸಿಯುತ್ತದೆ, ಒಳಗಿದ್ದವರು ಉಳಿಯುವುದು ಕಷ್ಟ. ಭಾರತದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾದರಿಯ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವುದು ಕಡ್ಡಾಯವಾಯಿತು. ಗಟ್ಟಿ ಉಕ್ಕು, ದಪ್ಪ ಕಂಬ, ಎಷ್ಟೋ ಕಾರುಗಳಲ್ಲಿ ಅದರ ಒಳಗೇ ಮಡಚಿಟ್ಟ ಗಾಳಿಚೀಲ. ಒಳಗೆ ಕುಳಿತವರಿಗೆ ಇದು ಒಳ್ಳೆಯದೇ, ಈ ಕಂಬ ಎಷ್ಟೋ ಜೀವ ಉಳಿಸಿದೆ. ತೊಂದರೆ ಇರುವುದು ಹೊರಗಿನವರಿಗೆ.

ಒಂದು ಪೆನ್ಸಿಲನ್ನು ಕೈ ಚಾಚಿ ಮುಖದ ಎದುರು ನೆಟ್ಟಗೆ ಹಿಡಿಯಿರಿ. ಎರಡೂ ಕಣ್ಣು ತೆರೆದು ದೂರದ ಮರ ನೋಡಿ. ಪೆನ್ಸಿಲ್ ಏನನ್ನೂ ಮರೆಮಾಡುವುದಿಲ್ಲ. ಒಂದು ಕಣ್ಣಿಗೆ ಮರೆಯಾದದ್ದನ್ನು ಇನ್ನೊಂದು ಕಣ್ಣು ನೋಡುತ್ತದೆ. ಮಾರಿಯೊಟ್ ಕಂಡ ಕುರುಡು ಜಾಗ ದಿನನಿತ್ಯ ನಮಗೆ ಅಡ್ಡಿಯಾಗದಿರುವುದಕ್ಕೂ ಇದು ಒಂದು ಕಾರಣ: ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ. ಈಗ ಪೆನ್ಸಿಲ್ ಬದಲು ನೋಟ್ ಪುಸ್ತಕ ಹಿಡಿಯಿರಿ. ಮರ ಎರಡೂ ಕಣ್ಣಿಗೆ ಮರೆಯಾಯಿತು. ವ್ಯತ್ಯಾಸ ಎಲ್ಲಿದೆ? ದೊಡ್ಡವರ ಎರಡು ಪಾಪೆಗಳ ನಡುವಿನ ಅಂತರ ಸುಮಾರು 6 ಸೆಂ.ಮೀ. ಅಡ್ಡವಿರುವ ವಸ್ತು ಅದಕ್ಕಿಂತ ತೆಳುವಾಗಿದ್ದರೆ ಅದರ ಮರೆ ಸ್ವಲ್ಪ ದೂರದಲ್ಲೇ ಮುಗಿದುಹೋಗುತ್ತದೆ. ಅದಕ್ಕಿಂತ ಅಗಲವಾಗಿದ್ದರೆ ಮರೆ ಮುಗಿಯುವುದೇ ಇಲ್ಲ, ದೂರ ಹೋದಷ್ಟೂ ಹಿಗ್ಗುತ್ತದೆ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ 10 ಸೆಂ.ಮೀ. ಅಗಲದ ಕಂಬವಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ 30 ಮೀಟರ್ ದೂರದಲ್ಲಿ ಸುಮಾರು 2 ಮೀಟರ್ ಅಗಲದ ಜಾಗ ಚಾಲಕನ ಎರಡೂ ಕಣ್ಣಿಗೆ ಕಾಣುವುದಿಲ್ಲ. ಸೈಕಲ್ ಮತ್ತು ಅದರ ಮೇಲೆ ಕುಳಿತ ಹುಡುಗಿ ಪೂರ್ತಿ ಆ ಜಾಗದಲ್ಲಿ ಅಡಗಬಹುದು.

ಹುಡುಗಿ ಮುಂದೆ ಹೋಗುತ್ತಾಳಲ್ಲ, ಕಂಬದ ಮರೆಯಿಂದ ಹೊರಗೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕಾರು ಸೆಕೆಂಡಿಗೆ 10 ಮೀಟರ್, ಬಲಗಡೆಯ ಅಡ್ಡರಸ್ತೆಯಿಂದ ಬರುವ ಸೈಕಲ್ ಸೆಕೆಂಡಿಗೆ 4 ಮೀಟರ್ ಸಾಗುತ್ತಿವೆ ಎನ್ನಿ. ಕೂಡುರಸ್ತೆ ತಲುಪಲು 5 ಸೆಕೆಂಡ್ ಇರುವಾಗ ಕಾರು 50 ಮೀಟರ್, ಸೈಕಲ್ 20 ಮೀಟರ್ ದೂರ. 3 ಸೆಕೆಂಡ್ ಇರುವಾಗ 30 ಮತ್ತು 12. ಚೌಕದ ಹಾಳೆಯಲ್ಲಿ ಬರೆದು ನೋಡಿ, ಕಾರಿನಿಂದ ಸೈಕಲ್ ಕಡೆಗೆ ಎಳೆದ ಗೆರೆಯ ಕೋನ ಎರಡು ಸಲವೂ ಒಂದೇ! ಇಬ್ಬರೂ ವೇಗ ಬದಲಿಸದಿದ್ದರೆ ಸೈಕಲ್ ಕೊನೆಯವರೆಗೂ ಕಂಬದ ಹಿಂದೆಯೇ ಉಳಿಯುತ್ತದೆ. ಡಿಕ್ಕಿಯಾಗುವ ವಾಹನವೇ ಕಾಣದೆ ಉಳಿಯುತ್ತದೆ ಎಂಬುದು ಇಲ್ಲಿನ ಭಯಂಕರ ಸಂಗತಿ. ಕಾಣಲೇ ಇಲ್ಲ ಎಂದು ಆಮೇಲೆ ಚಾಲಕ ಹೇಳಿದರೆ ಅದು ಯಾವಾಗಲೂ ಸುಳ್ಳಾಗಿರಬೇಕಿಲ್ಲ. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲಗಂಬವೇ ಅವನ ಕಣ್ಣಿಗೆ ಹತ್ತಿರ, ಅದರ ಮರೆಯೂ ಹೆಚ್ಚು. ಕಾರು ಬಲಕ್ಕೆ ತಿರುಗುವಾಗ ಆ ರಸ್ತೆಯನ್ನು ದಾಟುತ್ತಿರುವವರ ಮೇಲೂ ಇದೇ ಮರೆ ಬೀಳುತ್ತದೆ.

ಚಾಲಕ ತಲೆಯನ್ನು ತುಸು ಮುಂದಕ್ಕೂ ಪಕ್ಕಕ್ಕೂ ವಾಲಿಸಿ ನೋಡಿದರೆ ಮರೆ ಸರಿಯುತ್ತದೆ, ಅಡಗಿದ್ದದ್ದು ಕಾಣುತ್ತದೆ. ನಿಮ್ಮ ಕಡೆಯಿಂದಲೂ ಒಂದು ಪರೀಕ್ಷೆ ಇದೆ. ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೂ ಹೋಗಬಲ್ಲದು. ಚಾಲಕನ ಕಣ್ಣು ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಆಗ ಸೈಕಲ್ ನಿಲ್ಲಿಸಿ, ಕಾರು ಹೋಗಲಿ.

ಕಂಬ ಗಟ್ಟಿಯೂ ಇರಬೇಕು, ಮರೆಯೂ ಆಗಬಾರದು. ಇದಕ್ಕೆ ಹಲವರು ತಲೆ ಕೆಡಿಸಿಕೊಂಡಿದ್ದಾರೆ. 2001ರಲ್ಲಿ ವೋಲ್ವೊ ಕಂಪನಿ ಜಾಲರಿಯಂತೆ ನಡುನಡುವೆ ಆರಪಾರ ಕಾಣುವ ಕಂಬವಿದ್ದ ಮಾದರಿ ಕಾರೊಂದನ್ನು ಪ್ರದರ್ಶಿಸಿತು. 2019ರಲ್ಲಿ ಅಮೆರಿಕದ 14 ವರ್ಷದ ಶಾಲಾ ಹುಡುಗಿಯೊಬ್ಬಳು ಕಾರಿನ ಹೊರಗೆ ಕ್ಯಾಮೆರಾ ಇಟ್ಟು, ಅದು ಕಂಡ ದೃಶ್ಯವನ್ನು ಪ್ರೊಜೆಕ್ಟರ್ ಮೂಲಕ ಕಂಬದ ಒಳಮೈ ಮೇಲೆ ಮೂಡಿಸಿ, ಕಂಬವೇ ಇಲ್ಲವೆಂಬಂತೆ ಮಾಡಿ ತೋರಿಸಿದಳು. ರಾಷ್ಟ್ರಮಟ್ಟದ ವಿಜ್ಞಾನ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂತು.

ನಿಮ್ಮ ಶಾಲೆಯ ಬಳಿ ನಿಂತಿರುವ ಕಾರು ಸಿಕ್ಕರೆ, ಶಿಕ್ಷಕರ ಜೊತೆ ಹೋಗಿ, ಕಾರಿನವರನ್ನು ಕೇಳಿಕೊಂಡು, ಚಾಲಕನ ಆಸನದ ಕಡೆಯಿಂದ ಬಲಗಂಬದ ಅಗಲವನ್ನು ಅಳೆಯಿರಿ. ನಿಮ್ಮ ಶಿಕ್ಷಕರ ಎರಡು ಪಾಪೆಗಳ ನಡುವಿನ ಅಂತರವನ್ನೂ ಸ್ಕೇಲಿನಿಂದ ಅಳೆಯಿರಿ. ಯಾವುದು ಹೆಚ್ಚು, ಎಷ್ಟು ಹೆಚ್ಚು?