ಭೂಮಿಗೆ ಉಕ್ಕಿನ ಬಳೆ ತೊಡಿಸಿದರೆ ನಿಲ್ಲುತ್ತದೆಯೇ? ಮ್ಯಾಕ್ಸ್‌ವೆಲ್ ಲೆಕ್ಕ ಏನು ಹೇಳುತ್ತದೆ?
ಭೂಮಿಯ ಸುತ್ತ ಉಕ್ಕಿನ ಬಳೆ ಕಟ್ಟಿದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬಿಸಿಲು ತಗ್ಗುತ್ತದೆ ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ಬದುಕನ್ನು ನಾವು ಒಮ್ಮೆ ನೋಡೋಣ.

1831ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಅವರು ಎಂಟನೇ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. 25ಕ್ಕೆ ಅಬರ್ಡೀನ್‌ನಲ್ಲಿ ಪ್ರಾಧ್ಯಾಪಕರಾದರು. ಶನಿಯ ಉಂಗುರ ಹೇಗೆ ನಿಂತಿದೆ ಎಂಬುದು ಆಗ ಕೇಂಬ್ರಿಜ್‌ನ ಆಡಮ್ಸ್ ಬಹುಮಾನದ ವಿಷಯ. ಎಲ್ಲೆಡೆ ಸಮನಾದ ಗಟ್ಟಿ ಬಳೆ ತುಸು ಸರಿದರೂ, ಹತ್ತಿರವಾದ ಬದಿಯನ್ನು ಗ್ರಹ ಹೆಚ್ಚು ಜೋರಾಗಿ ಎಳೆದು, ಬಳೆ ಗ್ರಹಕ್ಕೇ ಬಡಿಯುತ್ತದೆ. ಬೇರೆಬೇರೆಯಾಗಿ ಸುತ್ತುವ ಅಸಂಖ್ಯ ಚೂರುಗಳಾದರೆ ಉಂಗುರ ಉಳಿಯುತ್ತದೆ ಎಂದು ಅವರು ಲೆಕ್ಕದಲ್ಲೇ ತೋರಿಸಿದರು. 1857ರಲ್ಲಿ ಬಹುಮಾನ ಬಂತು.

ವಿದ್ಯುತ್ಕಾಂತೀಯ ಸಮೀಕರಣಗಳಿಂದ ಜಗತ್ತಿಗೆ ಪರಿಚಿತರಾದ ಮ್ಯಾಕ್ಸ್‌ವೆಲ್ 1879ರಲ್ಲಿ, 48ಕ್ಕೇ, ಕ್ಯಾನ್ಸರ್‌ನಿಂದ ತೀರಿಕೊಂಡರು. ಉಂಗುರದ ಒಳಭಾಗ ಹೊರಭಾಗಕ್ಕಿಂತ ವೇಗವಾಗಿ ಸುತ್ತುತ್ತದೆ ಎಂದು ಜೇಮ್ಸ್ ಕೀಲರ್ 1895ರಲ್ಲಿ ಅಳೆದು ತೋರಿಸಿದಾಗ ಅವರ ಲೆಕ್ಕ ನಿಜವಾಯಿತು, ನೋಡಲು ಅವರಿರಲಿಲ್ಲ.

ಹಾಗಾದರೆ ಸತ್ಯವೇನು? ಗಟ್ಟಿ ಬಳೆ ತಾನಾಗಿ ನಿಲ್ಲದು. ಚೂರುಗಳ ಉಂಗುರವಾದರೆ ಮಳೆ, ಬೆಳೆಯ ಚಿತ್ರ ಕಳಿಸುವ ಉಪಗ್ರಹಗಳಿಗೆ ಡಿಕ್ಕಿಯ ಅಪಾಯ. ಅಲ್ಲದೆ ಸಮಭಾಜಕದ ಮೇಲಿನ ಉಂಗುರದ ನೆರಳು ಏಪ್ರಿಲ್, ಮೇ ತಿಂಗಳಲ್ಲಿ ಬೀಳುವುದು ದಕ್ಷಿಣಾರ್ಧಗೋಳಕ್ಕೆ, ಬ್ಯಾಡಗಿಗಲ್ಲ.